ದುಡಿಮೆಗೂ ಒಂದು ಹದ ಬೇಕು

(ಮಧುಗಿರಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ ಸಾಲದೆಂದು ನಾವು ಪ್ರತಿಯೊಂದು ಸಭೆಯಲ್ಲಿಯೂ ಹೇಳುತ್ತೇವೆ. ಹೇಳಲೇಬೇಕು. ಬೇಳೆ, ಎಣ್ಣೆಯ ಬೆಲೆ ಏರಿದ್ದನ್ನೂ ಹೇಳುತ್ತೇವೆ. ಆದರೆ ದಣಿವಿನ ಮಾತನ್ನು ಸಭೆಯಲ್ಲಿ ಎತ್ತುವುದಕ್ಕೆ ನಮಗೆ ಸಂಕೋಚ. "ಇನ್ನು ನನ್ನ ಕೈಲಿ ಆಗುವುದಿಲ್ಲ" ಎಂದರೆ ಎಲ್ಲಿ ಮೈಗಳ್ಳನೆಂದು ಎಣಿಸುತ್ತಾರೋ ಎಂಬ ಅಂಜಿಕೆ. ಅದು ಮನೆಯೊಳಗಿನ ಮಾತು, ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಆಡುವ ಮಾತು ಎಂದು ಬಿಟ್ಟುಬಿಟ್ಟಿದ್ದೇವೆ. ಈ ಹೊತ್ತು ಅದೇ ಮಾತನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ದುಡಿಮೆಯ ವೇಗವನ್ನು ಗೊತ್ತುಮಾಡುವವರು ಯಾರು ಎಂಬುದು ಪ್ರಶ್ನೆ. ಆ ವೇಗವನ್ನು ನಾವು ಒಬ್ಬೊಬ್ಬರೇ ಇಳಿಸಲಾರೆವು, ಒಟ್ಟಾದರೆ ಇಳಿಸಬಲ್ಲೆವು. ನಾನು ಹೇಳತಕ್ಕದ್ದು ಇಷ್ಟೇ. ಉಳಿದದ್ದು ಅದರ ವಿವರ.

ತಲಪರಿಗೆಯೂ ಕೊಳವೆ ಬಾವಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನಕ್ಕೆ ತಲಪರಿಗೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಮರಳು ನೆಲದಲ್ಲಿ ತಾನಾಗಿಯೇ ಜಿನುಗುವ ಊಟೆ. ರಾತ್ರಿಯೆಲ್ಲ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಹಗಲು ಅದನ್ನು ಕಾಲುವೆಗೆ ಬಿಟ್ಟು ಸರದಿಯ ಪ್ರಕಾರ ಹೊಲಗಳಿಗೆ ಹಾಯಿಸಿಕೊಳ್ಳುತ್ತಿದ್ದರು. ಜಿನುಗಿದಷ್ಟೇ ಬಳಸಬೇಕು. ಹೆಚ್ಚು ಬೇಕೆಂದು ಹಟ ಹಿಡಿದರೆ ಕೆಸರು ಬರುತ್ತದೆಯೇ ಹೊರತು ನೀರು ಬರುವುದಿಲ್ಲ. ಹೂಳು ತುಂಬಿದಾಗ ಊರಿನವರೆಲ್ಲ ಸೇರಿ ತೆಗೆಯುತ್ತಿದ್ದರು. ಹೀಗೆ ನಡೆದುಕೊಂಡಿದ್ದರಿಂದಲೇ ಮಳೆ ಕಡಿಮೆಯಾದ ಈ ಸೀಮೆಯಲ್ಲಿ ತಲೆಮಾರುಗಟ್ಟಲೆ ಜನ ಬದುಕಿದರು.

ಆಮೇಲೆ ಕೊಳವೆ ಬಾವಿ ಬಂತು. ಗುಂಡಿ ಒತ್ತಿದರೆ ನೀರು. ಜಿನುಗುವ ತನಕ ಕಾಯುವ ತಾಳ್ಮೆ ಯಾರಿಗೆ ಬೇಕು? ಒಬ್ಬ ಮುನ್ನೂರು ಅಡಿ ಕೊರೆಸಿದ. ಪಕ್ಕದವನು ಐನೂರು ಅಡಿಗೆ ಹೋದ. ಮೊದಲನೆಯವನ ಬಾವಿ ಬತ್ತಿತು. ಅವನು ಸಾಲ ಮಾಡಿ ಎಂಟುನೂರು ಅಡಿಗೆ ಇಳಿದ. ಕೊನೆಗೆ ಇಬ್ಬರಿಗೂ ಬಂದದ್ದು ಧೂಳು. ತಲಪರಿಗೆಗಳೂ ಬಹಳಷ್ಟು ಒಣಗಿದವು. ಮಳೆ ಕೊಟ್ಟದ್ದಕ್ಕಿಂತ ಹೆಚ್ಚು ಎತ್ತಿದ್ದೇ ಇದಕ್ಕೆ ಕಾರಣವೆಂಬುದನ್ನು ಈಗ ಚಿಕ್ಕ ಮಕ್ಕಳೂ ಬಲ್ಲರು.

ಮನುಷ್ಯನ ಮೈಯಲ್ಲಿರುವ ಬಲವೂ ಹೀಗೆಯೇ. ಉಂಡ ಅನ್ನದಿಂದ, ಮಾಡಿದ ನಿದ್ದೆಯಿಂದ ಅದು ರಾತ್ರಿ ಜಿನುಗುತ್ತದೆ. ಹಗಲು ಅದನ್ನು ದುಡಿಮೆಗೆ ಬಿಡುತ್ತೇವೆ. ಜಿನುಗಿದ್ದಕ್ಕಿಂತ ಹೆಚ್ಚು ತೆಗೆದರೆ ಒಂದು ದಿನ, ಒಂದು ವಾರ, ಒಂದು ತಿಂಗಳು ನಡೆದೀತು. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿಯಲ್ಲಿ ಸಂಸಾರ ನಡೆಸತಕ್ಕವನು ಅಸಲಿಗೆ ಕೈ ಹಾಕಿದ ಹಾಗೆ. ಕೆಲಸಗಾರನಿಗೆ ಗದ್ದೆಯಿಲ್ಲ, ಗಿರಣಿಯಿಲ್ಲ, ಬ್ಯಾಂಕಿನಲ್ಲಿ ಠೇವಣಿಯಿಲ್ಲ. ಅವನ ಅಸಲೆಂದರೆ ಅವನ ಮೈ. ಅದನ್ನೇ ನಲವತ್ತನೆಯ ವಯಸ್ಸಿಗೆ ತಿಂದು ಮುಗಿಸಿದರೆ ಮುಂದಿನ ಇಪ್ಪತ್ತು ವರ್ಷ ತಿನ್ನುವುದೇನು?

ದಣಿದ ಗಂಟೆಗೆ ಬೆಲೆಯಿಲ್ಲ

ಹೆಚ್ಚು ಹೊತ್ತು ದುಡಿದರೆ ಹೆಚ್ಚು ಮಾಲು ಹೊರಬರುತ್ತದೆ ಎಂಬುದು ಮಾಲೀಕರ ನಂಬಿಕೆ. ನಮ್ಮಲ್ಲೂ ಅನೇಕರ ನಂಬಿಕೆ. ಇದನ್ನು ಬಹಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಜರ್ಮನಿಯ ಯೇನಾ ಊರಿನಲ್ಲಿ ಸೂಕ್ಷ್ಮದರ್ಶಕ ಯಂತ್ರಗಳನ್ನು ಮಾಡುವ ಜೈಸ್ ಕಾರ್ಖಾನೆಯಿತ್ತು. ಅದನ್ನು ನಡೆಸುತ್ತಿದ್ದ ಎರ್ನ್ಸ್ಟ್ ಅಬ್ಬೆ ಎಂಬ ವಿಜ್ಞಾನಿ 1900ರಲ್ಲಿ ದಿನದ ಕೆಲಸವನ್ನು 9 ಗಂಟೆಯಿಂದ 8 ಗಂಟೆಗೆ ಇಳಿಸಿ ಲೆಕ್ಕವಿಟ್ಟ. ಒಂದು ಗಂಟೆ ಕಡಿಮೆಯಾದರೂ ದಿನದ ಉತ್ಪಾದನೆ ಇಳಿಯಲಿಲ್ಲ, ಸ್ವಲ್ಪ ಏರಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರವೂ ಕೆಲಸ ಮಾಡಿಸಿತು. 1915ರಲ್ಲಿ ಅದೇ ಸರ್ಕಾರ ನೇಮಿಸಿದ ಸಮಿತಿ ವಿಚಾರಣೆ ನಡೆಸಿ, ರಜೆಯಿಲ್ಲದ ದುಡಿಮೆಯಿಂದ ಬಯಸಿದ ಫಲ ಬರುವುದಿಲ್ಲ, ವಾರದ ರಜೆಯನ್ನು ಮರಳಿ ಕೊಡಿ ಎಂದು ವರದಿ ಮಾಡಿತು. ಕೆಲವು ಕಡೆ ಗಂಟೆ ಇಳಿಸಿದ ಮೇಲೆ ಗುಂಡುಗಳ ಲೆಕ್ಕ ಏರಿದ್ದೂ ಕಂಡುಬಂತು.

ಇದರಲ್ಲಿ ಪವಾಡವೇನೂ ಇಲ್ಲ. ದಣಿದವನ ಕೈ ತಪ್ಪುತ್ತದೆ. ಸೂಜಿ ಬಟ್ಟೆಯ ಬದಲು ಬೆರಳಿಗೆ ಇಳಿಯುತ್ತದೆ. ಎಳೆ ಕಡಿದದ್ದು ಕಣ್ಣಿಗೆ ಬೀಳದೆ ಅರ್ಧ ಮೊಳ ಸೀರೆ ಹಾಳಾಗುತ್ತದೆ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟುಬಿಡುತ್ತಾನೆ, ಗಿರಾಕಿಯ ಮೇಲೆ ರೇಗುತ್ತಾನೆ. ಕೊನೆಯ ಎರಡು ಗಂಟೆಯಲ್ಲಿ ಗಳಿಸಿದ್ದು ಮಾರನೆಯ ದಿನ ತಿದ್ದುವುದರಲ್ಲಿ ಹೋಗುತ್ತದೆ.

ಪ್ರಾಣದ ಲೆಕ್ಕ ಇನ್ನೂ ಕಠಿಣವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದದ್ದರಿಂದ ಲಕ್ವ ಮತ್ತು ಹೃದ್ರೋಗಕ್ಕೆ ತುತ್ತಾಗಿ 2016ರ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಸತ್ತರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಇಂಥವರಿಗೆ ಲಕ್ವ ಹೊಡೆಯುವ ಅಪಾಯ ನೂರಕ್ಕೆ 35ರಷ್ಟು ಹೆಚ್ಚು. ಇನ್ನೊಂದು ಸಂಗತಿ ಗಮನಿಸಿ. ದುಡಿದು ದುಡಿದು ಒಳಗೆ ಸುಟ್ಟು ಬೂದಿಯಾಗುವ ಸ್ಥಿತಿ ಇದೆಯಲ್ಲ. ಮೈ ಸೋತು, ಮಾಡುವ ಕೆಲಸದ ಮೇಲೆ ಜಿಗುಪ್ಸೆ ಹುಟ್ಟಿ, ಕೈ ಓಡದೆ ಹೋಗುವುದು. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಯಲ್ಲಿ ವಿವರಿಸುವಾಗ ಕಾಯಿಲೆ ಎಂದು ಕರೆಯಲಿಲ್ಲ. ದುಡಿಮೆಯ ಜಾಗದಲ್ಲಿ ಹುಟ್ಟುವ ಸಂಗತಿ ಎಂದು ಬರೆಯಿತು. ಹುಟ್ಟುವುದು ಅಲ್ಲಿ ಎಂದಮೇಲೆ ಔಷಧವನ್ನೂ ಅಲ್ಲಿಯೇ ಹುಡುಕಬೇಕು.

ಒಂದೊಂದು ಗಂಟೆಗೂ ಒಂದು ಹೋರಾಟ

ನಮ್ಮ ದೇಶದಲ್ಲಿ ದಿನಕ್ಕೊಂದು ಮಿತಿ ಬಂದದ್ದು ಯಾರ ಕರುಣೆಯಿಂದಲೂ ಅಲ್ಲ. 1881ರ ಮೊದಲನೆಯ ಕಾರ್ಖಾನೆ ಕಾಯಿದೆಯಲ್ಲಿ ದೊಡ್ಡವರ ದುಡಿಮೆಗೆ ಮಿತಿಯೇ ಇರಲಿಲ್ಲ. ಏಳು ತುಂಬಿದ ಮಗುವನ್ನು 9 ಗಂಟೆ ದುಡಿಸಬಹುದಾಗಿತ್ತು. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಸಂಗಡಿಗ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರನ್ನು ಸೇರಿಸಿ ವರ್ಷಗಟ್ಟಲೆ ಕೂಗಿದ ಮೇಲೆ 1890ರ ಜೂನ್ 10ರಂದು ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಬಂತು. 1918ರಲ್ಲಿ ಮದರಾಸಿನಲ್ಲಿ ಬಿ.ಪಿ. ವಾಡಿಯಾ ಕಾರ್ಮಿಕ ಸಂಘ ಕಟ್ಟಿದಾಗ ಅಲ್ಲಿನ ಗಿರಣಿ ಕೆಲಸಗಾರರ ಮೊದಲ ದೂರುಗಳಲ್ಲಿ ಒಂದು, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಸಾಲದು ಎಂಬುದು. ಒಂದು ದೊಡ್ಡ ಸಂಘ ಹುಟ್ಟಿದ್ದು ಊಟ ಅಗಿದು ನುಂಗುವ ಹೊತ್ತಿಗಾಗಿ! 1922ರಲ್ಲಿ ವಾರಕ್ಕೆ 60 ಗಂಟೆಯಾಯಿತು, 1934ರಲ್ಲಿ 54, 1946ರಲ್ಲಿ 48. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯಿದೆ ಅದನ್ನೇ ಖಾಯಂ ಮಾಡಿತು.

ಈಗ ಗಾಳಿ ಹಿಂದಕ್ಕೆ ಬೀಸುತ್ತಿದೆ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ವಿಧಾನಮಂಡಲವೇ ವಾರದ 48 ಗಂಟೆಯನ್ನು ಹಾಗೆಯೇ ಇಟ್ಟು, ದಿನದ ಮಿತಿಯನ್ನು 12 ಗಂಟೆಯ ತನಕ ಒಯ್ಯಲು ದಾರಿ ಮಾಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದೇ ವರ್ಷ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಅದರಲ್ಲೂ ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಕೆಲಸಗಾರನ ಒಪ್ಪಿಗೆ ಮತ್ತು ಇಮ್ಮಡಿ ಕೂಲಿ ಎಂದು ಬರೆದಿದೆ. ಒಳ್ಳೆಯದು. ಆದರೆ ಮೇಸ್ತ್ರಿಯ ಮುಂದೆ ಒಬ್ಬನೇ ನಿಂತ ಆಳಿನ "ಒಪ್ಪಿಗೆ" ಎಂಥದೆಂದು ನಿಮಗೆ ಗೊತ್ತಿದೆ. ಮೇಲಾಗಿ ಈ ನಿಯಮ ಹತ್ತು ಜನಕ್ಕೆ ಕಡಿಮೆಯಿಲ್ಲದ ಸಂಸ್ಥೆಗಳಿಗೆ. ನಾಲ್ಕು ಜನರ ಕಡಲೆಕಾಯಿ ಗಿರಣಿಗೂ ಮನೆಯ ಹಜಾರದಲ್ಲಿರುವ ಮಗ್ಗಕ್ಕೂ ಅದರ ನೆರಳು ಬೀಳುವುದಿಲ್ಲ.

ವೇಗದ ಕೀಲಿ ಯಾರ ಕೈಯಲ್ಲಿ?

ಗಂಟೆಯೊಂದನ್ನೇ ಎಣಿಸಿದರೆ ಸಾಲದು, ಮಿತ್ರರೇ. ಎಂಟು ಗಂಟೆಯೊಳಗೆ ಹನ್ನೆರಡು ಗಂಟೆಯ ಬೆವರು ಹಿಂಡುವ ವಿದ್ಯೆ ಈಗ ಬೆಳೆದಿದೆ. ನಮ್ಮ ಹಳ್ಳಿಗಳಿಂದ ತುಮಕೂರು, ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆಗೆ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಗಂಟೆಗಿಷ್ಟು ತೋಳು, ಗಂಟೆಗಿಷ್ಟು ಕಾಲರು ಎಂದು ಟಾರ್ಗೆಟ್ಟು. ಅದು ತಪ್ಪಿದರೆ ಎಲ್ಲರೆದುರು ಬೈಗುಳ. ಮುಟ್ಟಿದರೆ? ಮರುವಾರ ಟಾರ್ಗೆಟ್ಟು ಏರುತ್ತದೆ. ಬಚ್ಚಲಿಗೆ ಎದ್ದು ಹೋದರೆ ಲೆಕ್ಕ ತಪ್ಪೀತೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಈ ವೇಗವನ್ನು ಆ ಹುಡುಗಿ ಆರಿಸಿಕೊಂಡಳೆ? ಅವಳಿಗೆ ಯೋಗ ಕಲಿ, ಬೇಗ ಮಲಗು ಎಂದು ಬುದ್ಧಿ ಹೇಳಿ ಪ್ರಯೋಜನವೇನು?

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಯ ಮಗ್ಗಗಳಿಗೆ ಬನ್ನಿ. ಅಲ್ಲಿ ಮೇಸ್ತ್ರಿಯಿಲ್ಲ, ಸೈರನ್ನಿಲ್ಲ. ನೇಯುವವನು ತನ್ನ ಮನೆಯಲ್ಲಿ ತಾನೇ ಯಜಮಾನ ಎಂದುಕೊಳ್ಳುತ್ತಾನೆ. ಆದರೆ ಸೀರೆಗಿಷ್ಟು ಎಂಬ ದರವೇ ಅವನ ಮೇಸ್ತ್ರಿ. ದರ ಇಳಿದಷ್ಟೂ ಹೆಚ್ಚು ಸೀರೆ ನೇಯಬೇಕು. ಹೆಚ್ಚು ಸೀರೆ ಬಂದಷ್ಟೂ ಕೊಳ್ಳುವವನು ದರವನ್ನು ಮತ್ತೆ ಇಳಿಸುತ್ತಾನೆ. ಬೇಸಿಗೆಗೆ ಮುಂಚೆ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಹೆಂಗಸರಿಗೂ ಕಿಲೋ ಲೆಕ್ಕದ ಇದೇ ಕಟ್ಟು. ಬಿಡಿ ಲೆಕ್ಕದ ಕೂಲಿಯೆಂದರೆ ನಮ್ಮ ಕೈಯಿಂದಲೇ ನಮ್ಮನ್ನು ಓಡಿಸುವ ಚಾಟಿ. ಕೊಳವೆ ಬಾವಿಯ ಕಥೆಯೇ ಇಲ್ಲಿಯೂ ನಡೆಯುತ್ತದೆ: ಒಬ್ಬ ಆಳಕ್ಕೆ ಹೋದರೆ ಪಕ್ಕದವನೂ ಹೋಗಲೇಬೇಕು.

ಇದರಿಂದ ಹೊರಬರುವ ದಾರಿಯನ್ನು ಹಮಾಲಿಗಳ ಮೂಟೆ ತೋರಿಸುತ್ತದೆ. ನೂರು ಕಿಲೋ ಮೂಟೆಯನ್ನು ಬೆನ್ನಮೇಲೆ ಹೊತ್ತು ಹಲಗೆ ಹತ್ತುತ್ತಿದ್ದ ಕಾಲವನ್ನು ಇಲ್ಲಿನ ಹಿರಿಯರು ಬಲ್ಲರು. ಒಬ್ಬ ವಯಸ್ಕ ಗಂಡಸು ಹೊರುವ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಈಗ ಮಂಡಿಗಳಲ್ಲಿ ಐವತ್ತು ಕಿಲೋ ಚೀಲ ಸಾಮಾನ್ಯವಾಗಿದೆ. ಚೀಲ ಸಣ್ಣದಾದ್ದರಿಂದ ಊರಿಗೆ ಅಕ್ಕಿ ಬರುವುದು ನಿಂತಿತೆ? ಹೊರೆಯ ಮಿತಿ ಎಲ್ಲರಿಗೂ ಒಂದೇ ಆದಾಗ ಒಬ್ಬನೊಬ್ಬನೂ ಪಂತ ಕಟ್ಟಿ ಬೆನ್ನು ಮುರಿದುಕೊಳ್ಳಬೇಕಾಗಿಲ್ಲ.

ಹೆಣ್ಣಿನ ಎರಡನೆಯ ಪಾಳಿ

ವಾರಕ್ಕೆ ಎಪ್ಪತ್ತು ಗಂಟೆ ದುಡಿಯಿರಿ ಎಂದವರು ನಮ್ಮ ತಾಯಂದಿರ ಲೆಕ್ಕವನ್ನು ನೋಡಿರಲಿಕ್ಕಿಲ್ಲ. ಕೇಂದ್ರ ಸರ್ಕಾರದ 2024ರ ಕಾಲ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಗಂಡಸರು 88 ನಿಮಿಷ. ಈ ಸರಾಸರಿಯನ್ನೇ ಹಿಡಿದರೆ ಹೆಂಗಸಿಗೆ ವಾರಕ್ಕೆ 33 ಗಂಟೆಗೂ ಮೀರಿದ ಮನೆಗೆಲಸ. ಅದಕ್ಕೆ ಕಾರ್ಖಾನೆಯ 48 ಗಂಟೆ ಕೂಡಿಸಿ. 81 ಗಂಟೆ ದಾಟಿತು. ಬಸ್ಸಿಗೆ ಕಾದ ಹೊತ್ತು ಬೇರೆ. ಗಂಡಸರೇ, ಮಾಲೀಕನಿಂದ ಬಿಡುವು ಕೇಳುವ ನಾವು ನಮ್ಮ ಮನೆಯಲ್ಲಿ ಮಾಲೀಕರಾಗಿ ಕೂರಬಾರದು. ಮುಸುರೆ ತಿಕ್ಕುವುದಕ್ಕೆ, ನೀರು ಹೊರುವುದಕ್ಕೆ, ಮಗುವನ್ನು ಮಲಗಿಸುವುದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ, ಮನಸ್ಸು ಬೇಕು.

ಅಂಗಡಿಯವರಿಗೆ ಎರಡು ಮಾತು

ಸಣ್ಣ ವರ್ತಕರು ತಮ್ಮನ್ನು ದುಡಿಯುವ ಜನವೆಂದು ಎಣಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವನು ದುಡಿಯುವವನಲ್ಲದೆ ಮತ್ತಾರು? "ನಾನು ಎಂಟಕ್ಕೆ ಹಾಕಿದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ" ಎನ್ನುತ್ತೀರಿ. ಎದುರಂಗಡಿಯವರೂ ಇದನ್ನೇ ಹೇಳುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಆಕಳಿಸುತ್ತ, ಕೊನೆಯ ಎರಡು ಗಂಟೆಯಲ್ಲಿ ನಾಲ್ಕು ಬೆಂಕಿಪೊಟ್ಟಣ ಮಾರುತ್ತೀರಿ. ಸುಟ್ಟ ವಿದ್ಯುತ್ತಿಗೂ ಅದು ಸಾಲದು. ಒಂದು ಬೀದಿಯವರೆಲ್ಲ ಕೂತು ಒಂದೇ ಹೊತ್ತಿಗೆ ಬಾಗಿಲು ಹಾಕೋಣವೆಂದು ಒಪ್ಪಿಕೊಂಡರೆ ಯಾರ ಗಿರಾಕಿಯೂ ಎಲ್ಲಿಗೂ ಹೋಗುವುದಿಲ್ಲ. ಒಂದು ಗಂಟೆ ಮುಂಚೆ ಬರುತ್ತಾನೆ. ವಾರದಲ್ಲಿ ಒಂದು ದಿನ ಬಾಗಿಲು ಮುಚ್ಚಬೇಕೆಂಬ ನಿಯಮ 1961ರಲ್ಲಿಯೇ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ ಬಂದದ್ದು. ನಿಮ್ಮ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನಿಗೂ ಆ ಬಿಡುವು ಸಲ್ಲಬೇಕೆಂಬುದನ್ನು ಮರೆಯಬೇಡಿ.

ಬಿಡುವು ಬಡವನಿಗೆ ಸಲ್ಲದೆ?

ಇಲ್ಲಿ ಒಬ್ಬರು ಎದ್ದು ಕೇಳಬಹುದು: "ಸ್ವಾಮಿ, ಒಂದು ದಿನ ಕೂತರೆ ಒಂದು ದಿನದ ಕೂಳು ಹೋಗುತ್ತದೆ. ಬಿಡುವು ಉಳ್ಳವರ ಮಾತಲ್ಲವೆ?" ನಿಜವಾದ ಪ್ರಶ್ನೆ. ಅದಕ್ಕೇ ಹೇಳುವುದು, ಕೂಲಿಯ ಬೇಡಿಕೆಯನ್ನೂ ಬಿಡುವಿನ ಬೇಡಿಕೆಯನ್ನೂ ಬೇರೆ ಮಾಡಕೂಡದು. ಎಂಟು ಗಂಟೆಯ ಕೂಲಿಯಲ್ಲಿ ಸಂಸಾರ ನಡೆಯುವಂತಿದ್ದರೆ ಯಾರು ತಾನೆ ಹನ್ನೆರಡು ಗಂಟೆ ದುಡಿಯುತ್ತಾರೆ? ಓವರ್‌ಟೈಮು ಕೊಡಿ ಎಂದು ಕೇಳುವಲ್ಲಿ ನಾವು ನಿಜವಾಗಿ ಕೇಳಬೇಕಾದ್ದು ದರ ಏರಿಸಿ ಎಂದು.

ಮತ್ತೊಬ್ಬರು ಕಾಯಕದ ಮಾತು ತೆಗೆಯಬಹುದು. ದುಡಿಮೆಯನ್ನು ಪೂಜೆಯೆಂದ ಶರಣರ ನಾಡು ಇದು, ನಿಜ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ನೆನೆಯಿರಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಅಟ್ಟಿದ ತಾಯಿ ಅವಳು. ಕಾಯಕದ ಜೊತೆಗೆ ಮಿತಿಯನ್ನೂ ಹೇಳಿಕೊಟ್ಟವಳನ್ನು ಮರೆತು, ಓಡು ಓಡು ಎನ್ನುವುದಕ್ಕೆ ಶರಣರ ಹೆಸರನ್ನು ಬಳಸುವುದು ತರವಲ್ಲ.

ಸುಗ್ಗಿಯ ಮಾತು ಬೇರೆ. ಕಡಲೆಕಾಯಿ ಬಂದಾಗ, ಅಡಿಕೆ ಸುಲಿಯುವಾಗ ಹಗಲು ರಾತ್ರಿ ಎನ್ನದೆ ದುಡಿಯುವುದು ರೈತನಿಗೂ ಗಿರಣಿಗೂ ಹೊಸದಲ್ಲ. ಆದರೆ ಸುಗ್ಗಿಯಾದ ಮೇಲೆ ಹಬ್ಬವಿತ್ತು, ಜಾತ್ರೆಯಿತ್ತು. ವರ್ಷದ ಹನ್ನೆರಡು ತಿಂಗಳೂ ಸುಗ್ಗಿಯ ವೇಗ ಎನ್ನುವುದು ಈಗಿನವರು ಕಂಡುಹಿಡಿದದ್ದು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ಆ ದಿನ ನೊಗವಿಲ್ಲ. ಯಾರೊಬ್ಬ ರೈತನೂ "ನಾನೊಬ್ಬ ಹೂಡಿ ಮುಂದೆ ಹೋಗುತ್ತೇನೆ" ಎನ್ನುತ್ತಿರಲಿಲ್ಲ. ಊರೇ ಒಪ್ಪಿದ ಕಟ್ಟು. ಮೂಕಪ್ರಾಣಿಗೆ ಊರು ಕೊಟ್ಟ ಈ ಬಿಡುವನ್ನು ಬಾಯಿರುವ ನಾವು ನಮಗಾಗಿ ಪಡೆದುಕೊಳ್ಳಲಾರೆವೆ?

ಮಾಡಬೇಕಾದ್ದು

ಬರಿಯ ಮಾತಾಗಬಾರದು. ಈ ನಾಲ್ಕು ತಾಲ್ಲೂಕುಗಳಲ್ಲಿ ನಾಳೆಯೇ ಕೈ ಹಚ್ಚಬಹುದಾದ ಕೆಲಸಗಳನ್ನು ಹೇಳುತ್ತೇನೆ.

ಒಂದು: ಪ್ರತಿ ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿದ ಗಂಟೆಯನ್ನು ನಾವೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕವಿಲ್ಲದ ಬೇಡಿಕೆಯನ್ನು ಯಾವ ಅಧಿಕಾರಿಯೂ ಕೇಳುವುದಿಲ್ಲ. ಎರಡು: ಹೆಚ್ಚುವರಿ ದುಡಿಮೆಗೆ ಒಪ್ಪಿಗೆಯನ್ನು ಒಬ್ಬೊಬ್ಬರೇ ಕೊಡಕೂಡದು, ಸಂಘದಲ್ಲಿ ಕೂತು ತೀರ್ಮಾನಿಸಿ ಕೊಡಬೇಕು ಅಥವಾ ನಿರಾಕರಿಸಬೇಕು, ಕೊಟ್ಟರೆ ಇಮ್ಮಡಿ ಕೂಲಿ ಬಿಡಕೂಡದು. ಮೂರು: ಟಾರ್ಗೆಟ್ಟು ಏರಿಸುವ ಮುಂಚೆ ಕೆಲಸಗಾರರ ಪ್ರತಿನಿಧಿಯನ್ನು ಕೇಳಬೇಕೆಂಬುದು ನಮ್ಮ ಬೇಡಿಕೆಯ ಮೊದಲ ಸಾಲಿನಲ್ಲಿರಬೇಕು. ನಾಲ್ಕು: ಮಗ್ಗದವರು, ಹುಣಸೆ ಬಿಡಿಸುವವರು ಊರಿಗೊಂದು ಕನಿಷ್ಠ ದರ ಗೊತ್ತುಮಾಡಿಕೊಂಡು, ಅದಕ್ಕೆ ಕಡಿಮೆ ಯಾರೂ ಮುಟ್ಟುವುದಿಲ್ಲವೆಂದು ಕಟ್ಟು ಹಾಕಿಕೊಳ್ಳಬೇಕು. ಐದು: ವರ್ತಕರು ಬೀದಿಗೊಂದು ಮುಚ್ಚುವ ಹೊತ್ತು, ವಾರಕ್ಕೊಂದು ರಜೆ ಒಪ್ಪಿಕೊಳ್ಳಬೇಕು.

ಕೊನೆಯದು ನಮ್ಮ ಸಂಘಗಳನ್ನು ನಡೆಸುವವರಿಗೆ. ಪ್ರತಿ ಊರಿನಲ್ಲಿಯೂ ಇಬ್ಬರೋ ಮೂವರೋ ಇರುತ್ತಾರೆ. ಚಂದಾ ಎತ್ತುವವರೂ ಅವರೇ, ಅರ್ಜಿ ಬರೆಯುವವರೂ ಅವರೇ, ಪೋಲೀಸ್ ಠಾಣೆಗೆ ಓಡುವವರೂ ಅವರೇ. ಮೂರು ವರ್ಷ ಓಡಿ ನಾಲ್ಕನೆಯ ವರ್ಷ ಕಹಿಯಾಗಿ ಮನೆ ಸೇರುತ್ತಾರೆ. ಅವರ ಜೊತೆಗೆ ಸಂಘವೂ ಮಲಗುತ್ತದೆ. ಇದನ್ನು ನಾವು ತ್ಯಾಗವೆಂದು ಹೊಗಳುತ್ತ ಬಂದಿದ್ದೇವೆ. ಹೊಗಳುವುದನ್ನು ಬಿಟ್ಟು ಹೊರೆಯನ್ನು ಹಂಚಿಕೊಳ್ಳಿ. ಕಾರ್ಯದರ್ಶಿಯ ಕೆಲಸ ಸರದಿಯಲ್ಲಿ ತಿರುಗಲಿ. ತಲಪರಿಗೆಯ ಹೂಳನ್ನು ಯಾವ ಊರೂ ಒಬ್ಬನ ಕೈಯಲ್ಲಿ ತೆಗೆಸುತ್ತಿರಲಿಲ್ಲ.

ನಮ್ಮ ಹೋರಾಟ ಒಂದು ದಿನದ್ದಲ್ಲ. 12 ಗಂಟೆಯನ್ನು 9ಕ್ಕೆ ಇಳಿಸಿ ಖಾಯಂ ಮಾಡಿಸುವುದಕ್ಕೆ ನಮ್ಮ ಹಿಂದಿನವರಿಗೆ 1911ರಿಂದ 1948ರ ತನಕ 37 ವರ್ಷ ಹಿಡಿಯಿತು. ಅಷ್ಟು ದೂರ ನಡೆಯಬೇಕಾದವರು ನಡೆಯುವ ಹಾಗೆ ನಡೆಯಬೇಕು. ಮೇಲಿನ ಐದು ವಿಷಯಗಳನ್ನು ಮುಂದಿನ ಸಭೆಯೊಳಗೆ ನಿಮ್ಮ ನಿಮ್ಮ ಗಿರಣಿಯಲ್ಲಿ, ಬೀದಿಯಲ್ಲಿ ಚರ್ಚಿಸಿ, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬರೆದು ತನ್ನಿರೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ. ಹೊತ್ತಾಯಿತು, ನಾಳೆ ಬೆಳಿಗ್ಗೆ ಎಲ್ಲರಿಗೂ ಕೆಲಸವಿದೆ.